ಲಿಪಿಕಾರನ ಅಪರಾಧ: ರಾಯಚೂರು ಸೀಮೆಯ ಬರಹದ ತಪ್ಪುಗಳನ್ನು ಕುರಿತು ಒಂದು ವಿಚಾರ

ಪ್ರತಿವರ್ಷವೂ ಪರೀಕ್ಷೆಗಳು ಮುಗಿದು ಉತ್ತರಪತ್ರಿಕೆಗಳ ಕಟ್ಟುಗಳನ್ನು ಬಿಚ್ಚುವ ಕಾಲದಲ್ಲಿ ರಾಯಚೂರು, ಮಾನ್ವಿ, ದೇವದುರ್ಗಗಳ ಅಧ್ಯಾಪಕರು ಒಂದೆಡೆ ಕಲೆತಾಗ ತಪ್ಪದೆ ಕೇಳಿಬರುವ ಮಾತೊಂದುಂಟು. ಇಂಗ್ಲಿಷ್ ಮಾಧ್ಯಮವನ್ನು ಆರಿಸಿಕೊಂಡ ವಿದ್ಯಾರ್ಥಿಗಳ ಬರಹವನ್ನು ಓದಿ ಓದಿ ತಮ್ಮ ಇಂಗ್ಲಿಷೂ ಕೆಟ್ಟುಹೋಯಿತೆಂಬುದೇ ಆ ಮಾತು. ಅದರಲ್ಲಿ ಸ್ವಲ್ಪ ವಿನೋದವೂ ಹೆಚ್ಚಾಗಿ ಸಿಟ್ಟೂ ಬೆರೆತಿರುತ್ತವೆ. 'ಡಿಸ್ಕಸ್' ಎಂದರೆ ಸಾಕಾದಲ್ಲಿ 'ಡಿಸ್ಕಸ್ ಅಬೌಟ್' ಎಂದು ಬರೆಯುವುದು, 'ರಿಟರ್ನ್' ಎಂಬುದರ ಮುಂದೆ 'ಬ್ಯಾಕ್' ಸೇರಿಸುವುದು, 'ಅಲ್ಲಿ' ಎಂಬ ಅರ್ಥದ 'ದೇರ್' ಶಬ್ದಕ್ಕೆ 'ಅವರ' ಎಂಬ ಅರ್ಥದ 'ದೇರ್' ಶಬ್ದದ ಅಕ್ಷರಗಳನ್ನು ತೊಡಿಸುವುದು, ಬೇಕಾದಲ್ಲಿ 'ದಿ' ಬಿಟ್ಟು ಬೇಡವಾದಲ್ಲಿ ಹಚ್ಚುವುದು, ಇವೇ ಮೊದಲಾದುವು ನಮ್ಮ ಕೆಂಪು ಮಸಿಯನ್ನು ಬರಿದುಮಾಡುವ ನಿತ್ಯದ ದೋಷಗಳು.

ಈ ಸಿಟ್ಟು ನಮಗೂ ಹೊಸದಲ್ಲ. ಆದರೆ ಇತಿಹಾಸವನ್ನು ಬೋಧಿಸುವ ನಾವು ಯಾವ ಸಂಗತಿಯನ್ನೂ ಅದರ ಕಾರಣವನ್ನು ವಿಚಾರಿಸದೆ ಖಂಡಿಸಬಾರದೆಂದು ವಿದ್ಯಾರ್ಥಿಗಳಿಗೆ ಉಪದೇಶಿಸುತ್ತೇವೆ. ಬರಹದ ತಪ್ಪಿಗೂ ಆ ನ್ಯಾಯವನ್ನು ಅನ್ವಯಿಸಬೇಡವೇ? ತಪ್ಪುಗಳೆಲ್ಲವೂ ಒಂದೇ ಜಾತಿಯವೇ? ಅವುಗಳಲ್ಲಿ ಯಾವುದಕ್ಕೆ ಸಿಟ್ಟಾಗಬೇಕು, ಯಾವುದನ್ನು ಸಹಿಸಬೇಕು, ಯಾವುದರಿಂದ ನಾವೇ ಪಾಠ ಕಲಿಯಬೇಕು? ಈ ಪ್ರಶ್ನೆಗಳನ್ನು ನಮ್ಮ ಸೀಮೆಯ ಚರಿತ್ರೆಯ ಬೆಳಕಿನಲ್ಲಿ ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರಕ್ಕೆ ನಮ್ಮನ್ನು ಹಚ್ಚಿದ ಪ್ರಸಂಗವೊಂದನ್ನು ಮೊದಲು ಅರಿಕೆ ಮಾಡಿಕೊಳ್ಳುವುದು ಯುಕ್ತ. ಕೆಲವು ವರ್ಷಗಳ ಹಿಂದೆ ಕಿರುಪರೀಕ್ಷೆಯೊಂದರಲ್ಲಿ ರಾಯಚೂರಿನ ಕಾಳಗವನ್ನು ವಿದೇಶೀಯರ ಬರಹಗಳ ಆಧಾರದಿಂದ ವಿವರಿಸಬೇಕೆಂದು ಕೇಳಿದ್ದೆವು. ದೇವದುರ್ಗ ತಾಲ್ಲೂಕಿನ ಕೃಷ್ಣಾತೀರದ ಹಳ್ಳಿಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ತನ್ನ ಇಂಗ್ಲಿಷ್ ಉತ್ತರದಲ್ಲಿ ರಾಯಚೂರನ್ನು ಎರಡು ಕಡೆ 'ರಾಚೋಲ್' ಎಂದು ಬರೆದಿದ್ದಳು. ತಾನು ದಿನವೂ ಬಸ್ಸಿನಿಂದಿಳಿಯುವ ಊರಿನ ಹೆಸರನ್ನೇ ಸರಿಯಾಗಿ ಬರೆಯಲಾರದವಳು ಚರಿತ್ರೆಯನ್ನೇನು ಓದಿಯಾಳೆಂದು ನಾವು ಕೆಂಪು ಗೆರೆಯನ್ನೆಳೆದು ಒಂದು ಅಂಕವನ್ನು ಕಳೆದೆವು. ಮರುದಿನ ಆಕೆ ಗ್ರಂಥಾಲಯದ ಹಳೆಯ ಪುಸ್ತಕವೊಂದನ್ನು ಎದೆಗವಚಿಕೊಂಡು ಬಂದು, "ಪುಸ್ತಕದಾಗ ಹಿಂಗ ಐತ್ರಿ ಸರ್" ಎಂದಳು. ಪುಸ್ತಕ ರಾಬರ್ಟ್ ಸಿವೆಲ್ಲರದು, ೧೯೦೦ರಲ್ಲಿ ಪ್ರಕಟವಾದ ವಿಜಯನಗರದ ಚರಿತ್ರೆ. ೧೫೩೫ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ತುಗೀಸ್ ಕುದುರೆವ್ಯಾಪಾರಿ ಫೆರ್ನಾವ್ ನೂನಿಜನ ವೃತ್ತಾಂತದ ಅನುವಾದದಲ್ಲಿ ರಾಯಚೂರು 'ರಾಚೋಲ್' ಎಂದೇ ಇತ್ತು. ಆಕೆ ನೂನಿಜನ ಮಾತನ್ನು ನೂನಿಜನ ಹೆಸರಿನಲ್ಲಿ ನಮೂದಿಸಿದ್ದಳು. ಅದು ತಪ್ಪಲ್ಲ, ಆಧಾರನಿಷ್ಠೆ. ನಾವು ಅಂಕವನ್ನು ಹಿಂದಿರುಗಿಸಿದೆವು. ಆ ಉತ್ತರಪತ್ರಿಕೆಯಲ್ಲಿ ನಾವು ಕಾಣದೆ ಬಿಟ್ಟ ಇನ್ನೊಂದು ಸಂಗತಿಯೂ ಇತ್ತು. ಅದನ್ನು ಮುಂದೆ ಹೇಳುತ್ತೇವೆ.

ಬರಹಗಾರರ ತಪ್ಪನ್ನು ಕುರಿತ ದೂರು ನಮ್ಮ ದೇಶದ ಲಿಖಿತ ಚರಿತ್ರೆಯಷ್ಟೇ ಪ್ರಾಚೀನವಾದುದು. ಮೌರ್ಯ ಚಕ್ರವರ್ತಿ ಅಶೋಕನು ತನ್ನ ೧೪ನೆಯ ಬಂಡೆಶಾಸನದಲ್ಲಿ ಧರ್ಮಲಿಪಿಗಳನ್ನೇ ವಿಷಯವನ್ನಾಗಿ ಮಾಡಿಕೊಂಡಿದ್ದಾನೆ. ತನ್ನ ರಾಜ್ಯ ವಿಸ್ತಾರವಾದುದು, ಬರೆಸಿದ್ದು ಬಹಳ, ಇನ್ನೂ ಬರೆಸುವುದುಂಟು. ಕೆಲವು ಸಂಕ್ಷಿಪ್ತವಾಗಿ, ಕೆಲವು ಮಧ್ಯಮವಾಗಿ, ಕೆಲವು ವಿಸ್ತಾರವಾಗಿವೆ. ಅಲ್ಲಲ್ಲಿ ಅಪೂರ್ಣವಾಗಿ ಬರೆಯಲ್ಪಟ್ಟಿದ್ದರೆ ಅದಕ್ಕೆ ದೇಶ, ಕಾರಣ, ಅಥವಾ ಲಿಪಿಕಾರನ ಅಪರಾಧ ಹೇತುವಾಗಿರಬಹುದು, ಎಂಬುದು ಆ ಶಾಸನದ ತಾತ್ಪರ್ಯ. ರಾಯಚೂರಿಗೆ ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ೧೪ ಶಾಸನಗಳೂ ದೊರೆತಿವೆ. ೧೯೮೦ರ ದಶಕದಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಬೆಳಕಿಗೆ ಬಂದ ಕಲ್ಲಿನ ಮೇಲೆಯೂ ಈ ೧೪ನೆಯ ಶಾಸನದ ಭಾಗವಿದೆ. ಹೀಗೆ ಲಿಪಿಕಾರನ ತಪ್ಪನ್ನು ಕುರಿತ ರಾಜವಾಕ್ಯ ನಮ್ಮ ಸೀಮೆಯ ಎರಡು ಮಗ್ಗುಲುಗಳಲ್ಲಿಯೂ ಕಲ್ಲಿನಲ್ಲಿ ನಿಂತಿದೆ.

ಈ ಮೂರು ಪದಗಳ ಸೂಕ್ಷ್ಮಾರ್ಥದಲ್ಲಿ ವಿದ್ವಾಂಸರೊಳಗೆ ಭಿನ್ನಾಭಿಪ್ರಾಯಗಳಿವೆ. ನಮ್ಮ ಪ್ರಯೋಜನಕ್ಕೆ ಗಮನಾರ್ಹವಾದುದು ಆ ವಾಕ್ಯದ ಕ್ರಮ. ಚಕ್ರವರ್ತಿಯು ಲಿಪಿಕಾರನನ್ನು ಮೊದಲಿಗೆ ದೂಷಿಸಲಿಲ್ಲ, ಕೊನೆಗೆ ಹೆಸರಿಸಿದನು. ದೇಶವನ್ನೂ ಕಾರಣವನ್ನೂ ವಿಚಾರಿಸಿದ ಮೇಲೆ ಉಳಿದುದಷ್ಟೇ ಬರೆದವನ ಅಪರಾಧ. ಅಶೋಕನು ವ್ಯಾಕರಣವನ್ನು ಉದ್ದೇಶಿಸಿ ಇದನ್ನು ಹೇಳಿದನೆಂದು ನಾವು ವಾದಿಸುವುದಿಲ್ಲ. ಆದರೂ ಈ ತ್ರಿವಿಧ ವಿಭಾಗವನ್ನು ಎರವಲು ಪಡೆದು ನಮ್ಮ ವಿದ್ಯಾರ್ಥಿಗಳ ಇಂಗ್ಲಿಷ್ ತಪ್ಪುಗಳನ್ನು ವಿಂಗಡಿಸಿದರೆ ಬಹಳಷ್ಟು ಗೊಂದಲ ತಿಳಿಯಾಗುತ್ತದೆ.

ಮೊದಲನೆಯದು ದೇಶ. ಬರೆಯುವವನು ಎಲ್ಲಿಂದ ಬಂದನೋ ಆ ನೆಲ ಅವನ ಬರಹದಲ್ಲಿ ಇಣುಕುತ್ತದೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಚಿತ್ರದುರ್ಗ ಜಿಲ್ಲೆಯಲ್ಲಿ ಪತ್ತೆಹಚ್ಚಿದ ಬ್ರಹ್ಮಗಿರಿಯ ಅಶೋಕಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಹೆಸರಿದೆ. ಶಾಸನವೆಲ್ಲವೂ ಬ್ರಾಹ್ಮೀ ಲಿಪಿಯಲ್ಲಿದ್ದರೂ 'ಲಿಪಿಕಾರನಿಂದ' ಎಂಬರ್ಥದ ಕೊನೆಯ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ಬಲದಿಂದ ಎಡಕ್ಕೆ ಸಾಗುವ, ಭಾರತದ ವಾಯವ್ಯ ಭಾಗದಲ್ಲಿ ಬಳಕೆಯಲ್ಲಿದ್ದ ಲಿಪಿ. ಕನ್ನಡನಾಡಿನ ಬಂಡೆಯ ಮೇಲೆ ಅದನ್ನು ಓದಬಲ್ಲವರು ಎಷ್ಟು ಜನರಿದ್ದರೋ ಊಹಿಸುವುದು ಕಷ್ಟ. ಆದರೆ ಇಂದಿನ ಚರಿತ್ರಕಾರನಿಗೆ ಆ ಒಂದು ಪದವು ಮೌರ್ಯರ ಆಡಳಿತದಲ್ಲಿ ಲಿಪಿಕಾರರು ಎಷ್ಟು ದೂರದ ಅಭ್ಯಾಸಗಳನ್ನು ತಮ್ಮೊಡನೆ ತರುತ್ತಿದ್ದರೆಂಬುದಕ್ಕೆ ಅಮೂಲ್ಯ ಸಾಕ್ಷ್ಯ.

ನಮ್ಮ ವಿದ್ಯಾರ್ಥಿಗಳ ಇಂಗ್ಲಿಷಿನಲ್ಲಿಯೂ ಇಂತಹ ಖರೋಷ್ಠಿ ಬಹಳವಿದೆ. ಕನ್ನಡದಲ್ಲಿ 'ದಿ', 'ಎ' ಎಂಬಂತಹ ಉಪಪದಗಳಿಲ್ಲ. ನಾಮಪದದ ನಿಶ್ಚಿತತೆ ಸಂದರ್ಭದಿಂದಲೇ ತಿಳಿಯುತ್ತದೆ. ಆದುದರಿಂದ ಕನ್ನಡಿಗನು ಅವುಗಳನ್ನು ಬಿಡುವುದು ಸೋಮಾರಿತನವಲ್ಲ, ತನ್ನ ಭಾಷೆಯ ಧರ್ಮ. ನಾವು ಒಂದು ವಿಷಯದ 'ಬಗ್ಗೆ' ಚರ್ಚಿಸುತ್ತೇವೆ. ಆ 'ಬಗ್ಗೆ'ಯೇ 'ಅಬೌಟ್' ಆಗಿ 'ಡಿಸ್ಕಸ್' ಶಬ್ದದ ಹಿಂದೆ ನಿಲ್ಲುತ್ತದೆ. ನಮ್ಮಲ್ಲಿ ಬರೆದಂತೆ ಓದುತ್ತೇವೆ, ಓದಿದಂತೆ ಬರೆಯುತ್ತೇವೆ. ಕಿವಿಗೆ ಒಂದೇ ಆಗಿರುವ 'ದೇರ್' ಕಣ್ಣಿಗೆ ಎರಡಾಗಬೇಕೆಂಬುದು ನಮ್ಮ ಅಕ್ಷರಾಭ್ಯಾಸಕ್ಕೆ ವಿರುದ್ಧವಾದ ವ್ಯವಸ್ಥೆ. ಅಲ್ಲದೆ ಈ ಸೀಮೆಯ ಶಿಕ್ಷಣದ ಚರಿತ್ರೆಯನ್ನೂ ಮರೆಯಲಾಗದು. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿಯ ಕಚೇರಿಯ ಭಾಷೆ ಮೊದಲು ಪಾರಸಿ, ಅನಂತರ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾಮಾಧ್ಯಮವೂ ಉರ್ದುವೇ ಆಗಿತ್ತು. ೧೯೪೮ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಅಲ್ಲಿ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷ್ ಬಂದಿತು. ೧೯೫೬ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಭಾಷೆಯನ್ನು ಕಂಡ ಮನೆತನಗಳಲ್ಲಿ ಇಂಗ್ಲಿಷ್ ತಡವಾಗಿ ಬಂದ ಅತಿಥಿ. ಅತಿಥಿಯ ಮರ್ಯಾದೆಗಳನ್ನು ಕಲಿಯಲು ಕಾಲಾವಕಾಶ ಬೇಕು.

ಅತಿಥಿಯಾದರೂ ನಮ್ಮ ಮನೆಯ ಹೆಸರುಗಳನ್ನು ಸರಿಯಾಗಿ ಬರೆದನೇ? ೧೮೫೩ರ ಒಡಂಬಡಿಕೆಯಿಂದ ರಾಯಚೂರು ದೋಆಬು ಬ್ರಿಟಿಷರ ಆಡಳಿತಕ್ಕೆ ಸೇರಿ ೧೮೬೦ರಲ್ಲಿ ನಿಜಾಮರಿಗೆ ಮರಳಿತು. ೧೮೭೧ರಲ್ಲಿ ಮುಂಬಯಿಯ ಕಡೆಯ ರೈಲುಮಾರ್ಗವೂ ಮದರಾಸಿನ ಕಡೆಯ ಮಾರ್ಗವೂ ರಾಯಚೂರಿನಲ್ಲಿ ಕೂಡಿದುವು. ದಫ್ತರ, ನಕಾಶೆ, ರೈಲ್ವೆ ಫಲಕಗಳ ಮೂಲಕ ಊರ ಹೆಸರುಗಳು ಇಂಗ್ಲಿಷ್ ವೇಷವನ್ನು ತೊಟ್ಟುವು. ಸುರಪುರದಲ್ಲಿ ೧೮೪೧ರಿಂದ ಅಧಿಕಾರಿಯಾಗಿದ್ದ ಮೆಡೋಸ್ ಟೇಲರರ ಬರಹದಲ್ಲಿ ಆ ಊರು 'ಷೋರಾಪೂರ್'. ಚಿತ್ರದುರ್ಗವು 'ಚಿತಲ್‌ಡ್ರೂಗ್' ಆದಂತೆ ನಮ್ಮ ದೇವದುರ್ಗವು ಹಳೆಯ ಗ್ಯಾಸೆಟಿಯರಿನಲ್ಲಿ 'ದೇವ್‌ಡ್ರುಗ್' ಆಗಿ ಕುಳಿತಿದೆ. ನಮ್ಮ ಹುಡುಗ 'ಲಂಡನ್' ಎಂಬುದರಲ್ಲಿ ಒಂದಕ್ಷರ ತಪ್ಪಿದರೆ ಅದು ಅಜ್ಞಾನ. ಅಧಿಕಾರಿಯು 'ದೇವದುರ್ಗ'ದ ಅರ್ಧವನ್ನು ನುಂಗಿದರೆ ಅದು ಅಧಿಕೃತ ರೂಪ. ೨೦೧೪ರ ನವೆಂಬರ್ ೧ರಂದು ಕರ್ನಾಟಕ ಸರ್ಕಾರವು ೧೨ ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಣೆಗೆ ಸರಿಹೊಂದಿಸಿತು. 'ಬೆಲ್ಲಾರಿ' ಹೋಗಿ 'ಬಳ್ಳಾರಿ' ಬಂದಿತು, 'ಗುಲ್ಬರ್ಗಾ' ಹೋಗಿ 'ಕಲಬುರಗಿ' ಬಂದಿತು. ಅಕ್ಟೋಬರಿನ ಉತ್ತರಪತ್ರಿಕೆಯಲ್ಲಿ ಸರಿಯಾಗಿದ್ದ ಕಾಗುಣಿತ ನವೆಂಬರಿನಲ್ಲಿ ಹಳತಾಯಿತು. ರಾಯಚೂರು ಆ ಪಟ್ಟಿಯಲ್ಲಿರಲಿಲ್ಲ. ಅದರ ಇಂಗ್ಲಿಷ್ ರೂಪ ಕೊನೆಯ ಉಕಾರವಿಲ್ಲದೆಯೇ ಉಳಿಯಿತು.

ಎರಡನೆಯದು ಕಾರಣ. ತಪ್ಪೆಂದು ತೋರಿದುದಕ್ಕೆ ಒಮ್ಮೊಮ್ಮೆ ಶಾಸ್ತ್ರಸಮ್ಮತವಾದ ಕಾರಣವಿರುತ್ತದೆ. ಸರಿಯೆಂದು ತೋರಿದುದು ಒಮ್ಮೊಮ್ಮೆ ಹಳೆಯ ತಪ್ಪಾಗಿರುತ್ತದೆ. ಶಾಸನಪಾಠವನ್ನು ಮೊದಲಬಾರಿ ಕಾಣುವ ವಿದ್ಯಾರ್ಥಿಯು 'ಧರ್ಮ್ಮ', 'ಸೂರ್ಯ್ಯ' ಎಂಬ ರೂಪಗಳನ್ನು ನೋಡಿ ಶಿಲ್ಪಿಯು ಕಾಗುಣಿತ ಬಲ್ಲವನಲ್ಲವೆಂದು ನಗುತ್ತಾನೆ. ರೇಫದ ಮುಂದಿನ ವ್ಯಂಜನವನ್ನು ವಿಕಲ್ಪವಾಗಿ ಇಮ್ಮಡಿಸಬಹುದೆಂದು ಪಾಣಿನಿಯೇ ವಿಧಿಸಿದ್ದಾನೆಂದು ತಿಳಿದಾಗ ನಗೆ ನಿಲ್ಲುತ್ತದೆ. ೧೩ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕೊಟ್ಟನು. ಪಟ್ಟಿಯ ಅವಶ್ಯಕತೆ ಬಿದ್ದಿತೆಂದರೆ ಆ ವೇಳೆಗೆ ಜನರು ೞಕಾರವನ್ನು ಳಕಾರದೊಡನೆ ಬೆರೆಸಿ ಬರೆಯುತ್ತಿದ್ದರೆಂದೇ ಅರ್ಥ. 'ಏೞು' ಎಂಬುದನ್ನು 'ಏಳು' ಎಂದವನು, 'ಬೞಿಕ' ಎಂಬುದನ್ನು 'ಬಳಿಕ' ಎಂದವನು ಅಂದಿನ ವೈಯಾಕರಣನ ದೃಷ್ಟಿಯಲ್ಲಿ ತಪ್ಪಿತಸ್ಥ. ಇಂದು ನಾವೆಲ್ಲರೂ ಆ ತಪ್ಪಿತಸ್ಥರ ಸಂತಾನ. 'ಪಾಲು' ಕುಡಿಯುತ್ತಿದ್ದ ಕನ್ನಡಿಗನು 'ಹಾಲು' ಕುಡಿಯತೊಡಗಿದಾಗಲೂ ಹಿರಿಯರು ಮುಖ ಸಿಂಡರಿಸಿದ್ದರೆ ಆಶ್ಚರ್ಯವಿಲ್ಲ.

ಯೂರೋಪಿನಲ್ಲಿಯೂ ಇದೇ ಕಥೆ. ರೋಮನ್ ಯುಗದ ಕೊನೆಯ ಶತಮಾನಗಳಿಗೆ ಸೇರಿದ 'ಅಪ್ಪೆಂಡಿಕ್ಸ್ ಪ್ರೋಬಿ' ಎಂಬ ಲ್ಯಾಟಿನ್ ಪಟ್ಟಿಯಲ್ಲಿ ಸರಿರೂಪ ಮತ್ತು ತಪ್ಪುರೂಪಗಳ ೨೨೭ ಜೋಡಿಗಳಿವೆ. ಕನ್ನಡಿ ಎಂಬರ್ಥದ 'ಸ್ಪೆಕುಲುಮ್' ಶಬ್ದವನ್ನು ಜನರು 'ಸ್ಪೆಕ್ಲುಮ್' ಎನ್ನುತ್ತಿದ್ದುದು ಅಲ್ಲಿ ದೋಷವೆಂದು ನಮೂದಾಗಿದೆ. ಇಂದಿನ ಇಟಾಲಿಯನ್ ಭಾಷೆಯ 'ಸ್ಪೆಕ್ಕಿಯೋ' ಹುಟ್ಟಿದುದು ಆ ದೋಷದಿಂದಲೇ. ಪಟ್ಟಿ ಬರೆದ ಉಪಾಧ್ಯಾಯನ ಸಿಟ್ಟು ಜನರನ್ನು ತಿದ್ದಲಿಲ್ಲ, ಆದರೆ ಭಾಷಾಶಾಸ್ತ್ರಜ್ಞರಿಗೆ ದೊಡ್ಡ ನಿಧಿಯಾಯಿತು. ಇಂಗ್ಲಿಷಿನ ಕಾಗುಣಿತವಾದರೂ ಅನಾದಿಯಲ್ಲ. ೧೪೭೬ರಲ್ಲಿ ಕ್ಯಾಕ್ಸ್‌ಟನ್ ಮುದ್ರಣಾಲಯವನ್ನು ತೆರೆದಾಗ ಒಂದೇ ಶಬ್ದವನ್ನು ಹಲವು ಬಗೆಯಾಗಿ ಬರೆಯುತ್ತಿದ್ದರು. ೧೭೫೫ರ ಜಾನ್ಸನ್ನರ ನಿಘಂಟು ಅಲ್ಲಿ ರೂಪಗಳನ್ನು ಬಹುಮಟ್ಟಿಗೆ ನೆಲೆಗೊಳಿಸಿತು; ೧೮೨೮ರ ವೆಬ್‌ಸ್ಟರರ ನಿಘಂಟು ಅಮೆರಿಕಕ್ಕೆ ಬೇರೆ ರೂಪಗಳನ್ನು ಕೊಟ್ಟಿತು. ಸಾಲ ಎಂಬರ್ಥದ 'ಡೆಟ್' ಶಬ್ದದಲ್ಲಿ ಉಚ್ಚರಿಸದ 'ಬಿ' ಅಕ್ಷರವೊಂದಿದೆ. ಫ್ರೆಂಚಿನಿಂದ ಬಂದಾಗ ಅದರಲ್ಲಿ ಆ ಅಕ್ಷರವಿರಲಿಲ್ಲ; ಲ್ಯಾಟಿನ್ ಮೂಲವನ್ನು ನೆನಪಿಸಲೆಂದು ಪಂಡಿತರು ಸೇರಿಸಿದರು. ದ್ವೀಪವೆಂಬರ್ಥದ 'ಐಲೆಂಡ್' ಶಬ್ದದ ಮೂಕ 'ಎಸ್' ಅಂತೂ ಶುದ್ಧ ಭ್ರಾಂತಿ. ಸಂಬಂಧವಿಲ್ಲದ ಬೇರೊಂದು ಶಬ್ದದಿಂದ ಹಾರಿ ಬಂದುದು. ಮಾನ್ವಿಯ ಹುಡುಗನು 'ಬಿ' ಬಿಟ್ಟು ಡೆಟ್ ಎಂದು ಬರೆದರೆ ತಿಳಿಯದೆಯೇ ಇಂಗ್ಲಿಷಿನ ಪೂರ್ವಿಕರ ಪಕ್ಷವನ್ನು ವಹಿಸುತ್ತಾನೆ. ನಾವು ಅವನನ್ನು ತಿದ್ದಬೇಕು, ಏಕೆಂದರೆ ಬಳಕೆ ಇಂದು ಹಾಗೆ ನಿಂತಿದೆ. ಆದರೆ ಅವನು ಮೂರ್ಖನೆಂದು ಹೇಳಲು ನಮಗೆ ಅಧಿಕಾರವಿಲ್ಲ.

ಹಾಗಾದರೆ ತಪ್ಪೆಂಬುದೇ ಇಲ್ಲವೇ? ಉಂಟು. ಅದೇ ಮೂರನೆಯದು, ಲಿಪಿಕಾರನ ಅಪರಾಧ. ಅರ್ಥವನ್ನು ಕೆಡಿಸುವ, ಓದುಗನನ್ನು ದಾರಿತಪ್ಪಿಸುವ ಬರಹವೇ ಅಪರಾಧ. ಅದಕ್ಕೆ ಕಾಲವೂ ದೇಶವೂ ಸಮಾಧಾನ ಹೇಳಲಾರವು. ಇದಕ್ಕೆ ನೂನಿಜನೇ ಉದಾಹರಣೆ. ಅವನು ರಾಯಚೂರನ್ನು 'ರಾಚೋಲ್' ಎಂದುದರಿಂದ ಚರಿತ್ರೆಗೆ ನಷ್ಟವಾಗಲಿಲ್ಲ. ಕೋಟೆ, ದೋಆಬು, ಕೃಷ್ಣೆಗಳ ವರ್ಣನೆಯಿಂದ ಊರನ್ನು ಗುರುತಿಸಬಹುದಾಗಿತ್ತು. ಆದರೆ ಅವನ ವೃತ್ತಾಂತದಲ್ಲಿ ಕಾಳಗದ ವರ್ಷ ೧೫೨೨ ಎಂದಿದೆ. ಸಿವೆಲ್ಲರು ಅಲ್ಲಿ ಹೇಳಿದ ವಾರವನ್ನೂ ಚಂದ್ರನ ಗತಿಯನ್ನೂ ಲೆಕ್ಕಹಾಕಿ, ಗೋವೆಯ ಪೋರ್ತುಗೀಸರ ಚಟುವಟಿಕೆಗಳೊಡನೆ ತಾಳೆನೋಡಿ, ಕಾಳಗ ನಡೆದುದು ೧೫೨೦ರ ಮೇ ೧೯ರಂದೆಂದು ನಿರ್ಣಯಿಸಿದರು. ಒಂದು ಅಂಕಿಯ ತಪ್ಪನ್ನು ತಿದ್ದಲು ವಿದ್ವಾಂಸನೊಬ್ಬನು ಪಂಚಾಂಗವನ್ನೂ ಸಮುದ್ರದಾಚೆಯ ದಾಖಲೆಗಳನ್ನೂ ಶೋಧಿಸಬೇಕಾಯಿತು. ಹೆಸರಿನ ವಿಕಾರವನ್ನು ಕಿವಿ ಸರಿಪಡಿಸಿಕೊಳ್ಳುತ್ತದೆ. ಅಂಕಿಯ ತಪ್ಪು ತಾನಾಗಿ ಸರಿಹೋಗುವುದಿಲ್ಲ.

ಲಿಪಿಕಾರನ ನಿಷ್ಠೆಗೆ ಇರುವ ಬೆಲೆಯನ್ನು ಮಸ್ಕಿಯೂ ಸಾರುತ್ತದೆ. ಆಗ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಮಸ್ಕಿಯಲ್ಲಿ ೧೯೧೫ರಲ್ಲಿ ಚಿನ್ನದ ಗಣಿಗಳ ಎಂಜಿನಿಯರರಾದ ಸಿ. ಬೀಡನ್ ಅವರು ಬಂಡೆಶಾಸನವನ್ನು ಕಂಡರು, ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಪ್ರಕಟಿಸಿದರು. ೧೮೩೭ರಲ್ಲಿ ಪ್ರಿನ್ಸೆಪ್ಪರು ಬ್ರಾಹ್ಮಿಯನ್ನು ಓದಿದಂದಿನಿಂದ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳ ದೊರೆ ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಬಲದಿಂದ ನಂಬಿದ್ದರು. ಮಸ್ಕಿಯ ಬಂಡೆ 'ಅಶೋಕ' ಎಂಬ ಹೆಸರನ್ನೇ ಕೊಟ್ಟು ಆ ನಂಬಿಕೆಯನ್ನು ನಿಶ್ಚಯಗೊಳಿಸಿತು. ಆ ಅಂಕಿತನಾಮ ಮುಂದೆ ಗುಜರ್ರಾ, ನಿಟ್ಟೂರು, ಉಡೇಗೋಳಂಗಳಲ್ಲಿಯೂ ದೊರೆಯಿತಾದರೂ ಮೊದಲ ಸಾಕ್ಷ್ಯ ನಮ್ಮ ಜಿಲ್ಲೆಯದು. ಮಸ್ಕಿಯಲ್ಲಿ ಉಳಿಯೇಟು ಜಾರಿ ಆ ಹೆಸರಿನ ಅಕ್ಷರಗಳು ಕೆಟ್ಟಿದ್ದರೆ ಆ ನಿಶ್ಚಯಕ್ಕಾಗಿ ಇನ್ನೂ ಹಲವು ದಶಕ ಕಾಯಬೇಕಾಗುತ್ತಿತ್ತು. ಒಂದು ಶಬ್ದವನ್ನು ಸರಿಯಾಗಿ ಬರೆಯುವುದೆಂದರೆ ಎಂತಹ ಉಪಕಾರವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಈಗ ಆ ವಿದ್ಯಾರ್ಥಿನಿಯ ಉತ್ತರಪತ್ರಿಕೆಗೆ ಮರಳೋಣ. ಅಂಕವನ್ನು ತಿದ್ದಲೆಂದು ಅದನ್ನು ಮತ್ತೆ ಓದಿದಾಗ, 'ರಾಚೋಲ್' ಎಂಬ ಕೆಂಪು ಗೆರೆಯ ಎರಡೇ ಸಾಲು ಕೆಳಗೆ, 'ಕೃಷ್ಣದೇವರಾಯ ವಾಸ್ ಡಿಫೀಟೆಡ್ ಆದಿಲ್ ಶಾಹ' ಎಂಬ ವಾಕ್ಯವಿತ್ತು. ರಾಯನು ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದನೆಂದು ಹೇಳುವುದು ಆಕೆಯ ಉದ್ದೇಶ. ಭೂತಕಾಲಕ್ಕೆಂದು ಸೇರಿಸಿದ 'ವಾಸ್' ಎಂಬ ಮೂರಕ್ಷರದ ಶಬ್ದವು ಕರ್ತರಿಯನ್ನು ಕರ್ಮಣಿಯ ಕಡೆಗೆ ಎಳೆದಿತ್ತು. ಅದರ ಮುಂದೆ 'ಬೈ' ಎಂಬ ಒಂದು ಶಬ್ದ ಬಿದ್ದಿದ್ದರೆ ೧೫೨೦ರ ವಿಜಯವೇ ಪರಾಜಯವಾಗಿ, ದೋಆಬಿನ ಚರಿತ್ರೆ ತಲೆಕೆಳಗಾಗುತ್ತಿತ್ತು. ಆ ವಾಕ್ಯಕ್ಕೆ ನಾವು ಗೆರೆಯೆಳೆದಿರಲಿಲ್ಲ. ಗೆದ್ದವರು ಯಾರೆಂದು ನಮಗೆ ಮೊದಲೇ ತಿಳಿದಿದ್ದುದರಿಂದ ಕಣ್ಣು ತನಗೆ ಬೇಕಾದುದನ್ನು ಓದಿಕೊಂಡು ಮುಂದೆ ಸಾಗಿತ್ತು. ನಿರಪರಾಧಿಗೆ ದಂಡ ವಿಧಿಸಿದ್ದೆವು, ಅಪರಾಧಿಯನ್ನು ಕೈಮುಗಿದು ಕಳುಹಿಸಿದ್ದೆವು. ಸಿಟ್ಟು ಕಣ್ಣಿಗೆ ಕಂಡ ವೇಷವನ್ನು ಹಿಡಿಯುತ್ತದೆ. ಅರ್ಥವನ್ನು ಹಿಡಿಯಲು ತಾಳ್ಮೆ ಬೇಕು. ಆಕೆಯನ್ನು ಮತ್ತೆ ಕರೆದು ವಾಕ್ಯವನ್ನು ತೋರಿಸಿ, ಕನ್ನಡದಲ್ಲಿ 'ರಾಯನು ಸೋಲಿಸಿದನು', 'ರಾಯನು ಸೋಲಿಸಲ್ಪಟ್ಟನು' ಎಂದು ಎರಡನ್ನೂ ಬರೆದು ಕೊಟ್ಟೆವು. ಆಕೆ ಎರಡನ್ನೂ ಓದಿ ಬಾಯಿಗೆ ಕೈಹಿಡಿದಳು. ಮುಂದೆ ಆ ತಪ್ಪು ಆಕೆಯ ಬರಹದಲ್ಲಿ ಕಾಣಲಿಲ್ಲ.

ಈ ವಿವೇಚನೆಯಿಂದ ಫಲಿಸುವ ಕೆಲವು ಸೂಚನೆಗಳನ್ನು ಸಹೋದ್ಯೋಗಿಗಳ ಮುಂದಿಡುತ್ತೇವೆ. ಉತ್ತರಪತ್ರಿಕೆಯನ್ನು ನೋಡುವಾಗ ಮೊದಲು ಅರ್ಥಭಂಗವನ್ನು ಹುಡುಕುವುದು ಒಳ್ಳೆಯದು: ಕರ್ತೃ ಯಾರು, ಕರ್ಮ ಯಾರು, ವರ್ಷ ಯಾವುದು, ನಿಷೇಧಾರ್ಥದ 'ನಾಟ್' ಉಳಿದಿದೆಯೇ ಬಿದ್ದಿದೆಯೇ. ಇವುಗಳಿಗೆ ಗೆರೆಯೆಳೆದು ವಿವರಣೆಯನ್ನೂ ಬರೆಯತಕ್ಕದ್ದು. ಎರಡನೆಯದಾಗಿ, ಮಾತೃಭಾಷೆಯಿಂದ ಹರಿದುಬಂದ ದೋಷಗಳನ್ನು ತಿದ್ದುವಾಗ ಕನ್ನಡ ವಾಕ್ಯವನ್ನು ಪಕ್ಕದಲ್ಲಿಟ್ಟು ತೋರಿಸಿದರೆ ವಿದ್ಯಾರ್ಥಿಗೆ ಕಾರಣ ತಿಳಿಯುತ್ತದೆ. ಕಾರಣ ತಿಳಿದ ತಪ್ಪು ಬೇಗ ಬಿಡುತ್ತದೆ. ಮೂರನೆಯದಾಗಿ, ಬರಿಯ ಕಾಗುಣಿತದ ತಪ್ಪುಗಳನ್ನು ಗುರುತಿಸೋಣ, ಆದರೆ ಇತಿಹಾಸದ ಅಂಕಗಳನ್ನು ಅವುಗಳಿಗೆ ಬಲಿಕೊಡುವುದು ಬೇಡ. ವಿದ್ಯಾರ್ಥಿಗಳಿಗೂ ಒಂದು ಮಾತು. ತಪ್ಪಿಗೆ ಚರಿತ್ರೆಯಿದೆ ಎಂಬುದು ಅಲಕ್ಷ್ಯಕ್ಕೆ ಪರವಾನಿಗಿಯಲ್ಲ. ನಾಳೆ ನೀವು ಕಚೇರಿಯಲ್ಲಿ ಬರೆಯುವ ಒಂದು ಅರ್ಜಿ, ಒಂದು ಆದೇಶ, ಒಂದು ಹೊಲದ ಸರ್ವೆ ನಂಬರು ಮತ್ತೊಬ್ಬರ ಬದುಕನ್ನು ತಟ್ಟುತ್ತದೆ. ಬರೆದುದನ್ನು ಅರಿಯದವನ ಕಣ್ಣಿನಿಂದ ಇನ್ನೊಮ್ಮೆ ಓದುವ ಅಭ್ಯಾಸವನ್ನು ಇಂದೇ ಮಾಡಿಕೊಳ್ಳಬೇಕು.

ಅಶೋಕನ ಲಿಪಿಕಾರರು ಯಾರೆಂಬುದು ಚಪಡನೊಬ್ಬನ ಹೊರತು ನಮಗೆ ತಿಳಿಯದು. ಬಿಸಿಲಿನಲ್ಲಿ ಬಂಡೆಯ ಮುಂದೆ ಕುಳಿತು, ತಮ್ಮದಲ್ಲದ ನಾಡಿನಲ್ಲಿ, ತಾವು ಕಾಣದ ದೊರೆಯ ಮಾತುಗಳನ್ನು ಅವರು ಅಕ್ಷರ ಅಕ್ಷರವಾಗಿ ಇಳಿಸಿದರು. ತಪ್ಪಿದರು, ತಪ್ಪಿದ್ದನ್ನು ದೊರೆ ಬಲ್ಲವನಾಗಿದ್ದನು, ಆದರೂ ಬರೆಸುವುದನ್ನು ನಿಲ್ಲಿಸಲಿಲ್ಲ. ನಮ್ಮ ಮುಂದಿನ ಕಟ್ಟಿನಲ್ಲಿರುವ ಉತ್ತರಪತ್ರಿಕೆಗಳೂ ಅಂತಹವೇ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಯೊಬ್ಬಳು ತನ್ನದಲ್ಲದ ಭಾಷೆಯಲ್ಲಿ ತನ್ನ ಊರಿನ ಚರಿತ್ರೆಯನ್ನು ಬರೆದಿದ್ದಾಳೆ. ಕೆಂಪು ಲೇಖನಿಯನ್ನು ಕೈಗೆತ್ತಿಕೊಳ್ಳುವ ಮುನ್ನ ದೇಶವನ್ನು ಕೇಳೋಣ, ಕಾರಣವನ್ನು ಕೇಳೋಣ. ಅನಂತರ ಉಳಿದುದನ್ನು ಬಿಡದೆ ತಿದ್ದೋಣ.